ಓದುಗರ ಪ್ರಶ್ನೆ: ಟ್ಯಾಂಕ್ ಇದ್ದರೂ ನಾನೇ ಯಾಕೆ ಸಾಯುತ್ತೇನೆ?

ಪ್ರಶ್ನೆ: ನಾನು, ದೊಡ್ಡಪ್ಪನ ಮಗ, ಅವನ ಮೂವರು ಸ್ನೇಹಿತರು ಸೇರಿ ರಾತ್ರಿ ಹೊತ್ತು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ ಅನ್ನೋ ಆನ್‌ಲೈನ್ ಗೇಮ್ ಆಡುತ್ತೇವೆ. ಅಣ್ಣ ವಾರಿಯರ್ ಟ್ಯಾಂಕ್, ಅಂದರೆ ಮುಂದೆ ನಿಂತು ಶತ್ರುಗಳ ಏಟು ತಾನೇ ತಿನ್ನುವವನು. ನಾನು ಮೇಜ್, ದೂರದಿಂದ ಮಂತ್ರ ಹಾಕಿ ಹೊಡೆಯುವವನು. ಡ್ಯಾಮೇಜ್ ಎಲ್ಲರಿಗಿಂತ ನನ್ನದೇ ಜಾಸ್ತಿ. ಆದರೆ ಮೊದಲು ಸಾಯುವುದೂ ನಾನೇ, ಬೈಸಿಕೊಳ್ಳುವುದೂ ನಾನೇ. ಕಾಪಾಡುವುದು ಟ್ಯಾಂಕ್ ಕೆಲಸ ಅಲ್ವಾ?
— ಓದುಗ, ಬಸವನಗುಡಿ

ಉತ್ತರ: ಹೌದು, ಅವರದೇ ಕೆಲಸ. ಆದರೆ ಆ ಕೆಲಸ ಶುರು ಮಾಡುವುದಕ್ಕೂ ನೀವು ಬಿಡುತ್ತಿಲ್ಲ ಅಂತ ನನಗೆ ಅನಿಸುತ್ತದೆ.

ನಿಮ್ಮ ಮಾನಾ (ಮಂತ್ರ ಹಾಕಲು ಬೇಕಾದ ಶಕ್ತಿ) ಬಾರ್ ಆಟ ಶುರುವಾಗುವಾಗ ತುಂಬಿರುತ್ತದೆ. ಅಣ್ಣನ ರೇಜ್ (ವಾರಿಯರ್ ಹೊಡೆತಗಳಿಗೆ ಬೇಕಾದ ಶಕ್ತಿ) ಬಾರ್ ಹೆಚ್ಚುಕಡಿಮೆ ಖಾಲಿ ಇರುತ್ತದೆ. ಏಟು ತಿಂದು, ಏಟು ಕೊಟ್ಟು ಅದು ತುಂಬಬೇಕು. ಶತ್ರುವಿನ ಗಮನ ಸೆಳೆಯುವ 'ಸಂಡರ್ ಆರ್ಮರ್' ಹೊಡೆತ ಒಂದಕ್ಕೇ 15 ರೇಜ್ ಬೇಕು. ನಾನೂ ತುಂಬಾ ದಿನ ವಾರಿಯರ್ ಆಡಿದ್ದೇನೆ. ಒಂದು ಸಂಡರ್ ಬಿದ್ದಿರುತ್ತದೆ ಅಷ್ಟೆ, ಹಿಂದಿನಿಂದ ಬೆಂಕಿ ಉಂಡೆ ಹಾರಿ ಬಂದು ನಾನಿನ್ನೂ ಮುಟ್ಟಿಯೇ ಇರದ ಶತ್ರುವಿಗೆ ಬೀಳುತ್ತದೆ, ಅದು ನನ್ನ ಪಕ್ಕದಲ್ಲೇ ಮೇಜ್ ಕಡೆ ಓಡುತ್ತದೆ, ಮೇಜ್ ಗಾಬರಿಯಾಗಿ ಬಾಗಿಲ ಕಡೆ ಓಡುತ್ತಾನೆ, ನಾನು ಅವರಿಬ್ಬರ ಹಿಂದೆ! ಟಾಂಟ್ ಮಾಡಿ ಶತ್ರುವನ್ನು ನನ್ನ ಕಡೆ ತಿರುಗಿಸೋಣ ಅಂದರೆ ಕ್ಲಾಸಿಕ್‌ನಲ್ಲಿ ಅದು ಹತ್ತಿರ ಇದ್ದರೆ ಮಾತ್ರ ತಾಗುತ್ತದೆ. ಅಷ್ಟರಲ್ಲಿ ಎಲ್ಲರ ಗಾಯ ವಾಸಿ ಮಾಡುವ ಹೀಲರ್ ಮಾನಾ ಮುಗಿದಿರುತ್ತದೆ.

ಅಗ್ರೋ, ಅಂದರೆ ಶತ್ರು ಯಾರ ಮೇಲೆ ಬೀಳುತ್ತದೆ ಅನ್ನುವ ಲೆಕ್ಕ ಸುಲಭ. ಟ್ಯಾಂಕ್ ಥ್ರೆಟ್ (ಶತ್ರುವಿನ ಗಮನ ಎಷ್ಟು ಸೆಳೆದಿದ್ದಾರೆ ಅನ್ನುವ ಅಂಕ) 1000 ಇದೆ ಅಂದುಕೊಳ್ಳಿ. ಹತ್ತಿರ ನಿಂತು ಹೊಡೆಯುವವರು 1100 ದಾಟಿದರೆ ಶತ್ರು ಅವರ ಕಡೆ ತಿರುಗುತ್ತದೆ. ದೂರ ನಿಂತ ನಿಮಗೆ 1300ರವರೆಗೆ ಅವಕಾಶ. ಅಂದರೆ ಟ್ಯಾಂಕ್ ಥ್ರೆಟ್ ಬೆಳೆದಷ್ಟೂ ನಿಮಗೆ ಸಿಗುವ ಜಾಗವೂ ಬೆಳೆಯುತ್ತದೆ. ಮೊದಲ ಕೆಲವು ಸೆಕೆಂಡಿನಲ್ಲಿ ಅವರ ಥ್ರೆಟ್ಟೇ ಇಷ್ಟಿಷ್ಟು, ನಿಮ್ಮ ಎರಡು ಕ್ರಿಟ್ (ಮಾಮೂಲಿಗಿಂತ ಜೋರಾದ ಏಟು) ಬಿದ್ದರೆ ಮುಗಿಯಿತು. ಅದಕ್ಕೇ ಹಳಬರು "ಎರಡು ಮೂರು ಸಂಡರ್ ಬೀಳಲಿ, ಆಮೇಲೆ ಹೊಡಿ" ಅನ್ನುತ್ತಾರೆ. ಅಷ್ಟು ಹೊತ್ತು ಸುಮ್ನೆ ನಿಲ್ಲಿ. ನಿಮ್ಮ ಡ್ಯಾಮೇಜ್ ಎಲ್ಲಿಗೂ ಹೋಗುವುದಿಲ್ಲ, ಸತ್ತು ಬಿದ್ದ ಮೇಜ್ ಡ್ಯಾಮೇಜ್ ಸೊನ್ನೆ.

ಹಾಗೂ ಶತ್ರು ನಿಮ್ಮ ಕಡೆ ಬಂದುಬಿಟ್ಟರೆ ದೂರ ಓಡಬೇಡಿ, ಅಣ್ಣನ ಕಡೆಗೇ ಓಡಿ. ಹೊಡೆಯುವುದನ್ನು ಆ ಕ್ಷಣವೇ ನಿಲ್ಲಿಸಿ. ಕಷ್ಟ, ಕೈ ಕೇಳುವುದಿಲ್ಲ, ಗೊತ್ತು. ಆದರೂ ಮಾಡಿ.

ಅಣ್ಣನಿಗೂ ಒಂದು ಮಾತು ಹೇಳಿ. ಯಾವುದನ್ನು ಮೊದಲು ಹೊಡೆಯಬೇಕು ಅಂತ ಅದರ ತಲೆ ಮೇಲೆ ಬುರುಡೆ ಗುರುತು ಹಾಕಲಿ. ಬಾಸ್ (ದೊಡ್ಡ ಶತ್ರು) ಮುಖವನ್ನು ನಿಮ್ಮೆಲ್ಲರಿಂದ ಆಚೆ ತಿರುಗಿಸಿ ಹಿಡಿದಿಡಲಿ. ಗುರುತೂ ಹಾಕದೆ, ಏನೂ ಹೇಳದೆ, ಆಮೇಲೆ ಬೈದರೆ ಅದು ಅವರ ತಪ್ಪೇ.

ಪ್ರಶ್ನೆ: ಫೈನಲ್ ಫ್ಯಾಂಟಸಿ 14 ಗೇಮ್‌ನಲ್ಲಿ ಹೊಸದಾಗಿ ಪ್ಯಾಲಡಿನ್ (ಅಲ್ಲಿನ ಒಂದು ಟ್ಯಾಂಕ್) ಆಗಿದ್ದೇನೆ. ಎಷ್ಟು ಹೊಡೆದರೂ ಶತ್ರುಗಳು ಬೇರೆಯವರ ಹಿಂದೆ ಹೋಗುತ್ತವೆ. ಟ್ಯಾಂಕ್ ಬಿಟ್ಟುಬಿಡಲಾ?
— ಓದುಗಿ, ಯಲಹಂಕ

ಉತ್ತರ: ಬಿಡಬೇಡಿ! ಮೊದಲು ಶತ್ರುಗಳನ್ನು ನಿಮ್ಮ ಕಡೆ ಸೆಳೆಯುವ 'ಐರನ್ ವಿಲ್' ಆನ್ ಆಗಿದೆಯಾ ನೋಡಿ. ಅದು ಆಫ್ ಇದ್ದರೆ ನೀವು ಬರೀ ಕಮ್ಮಿ ಡ್ಯಾಮೇಜ್ ಕೊಡುವ ಇನ್ನೊಬ್ಬ ಡಿಪಿಎಸ್ (ಹೊಡೆಯುವುದಷ್ಟೇ ಕೆಲಸ ಇರುವ ಆಟಗಾರ) ಅಷ್ಟೆ. ಡಂಜನ್ (ತಂಡವಾಗಿ ಹೋಗಿ ಹೋರಾಡುವ ಜಾಗ) ಒಳಗೆ ಕಾಲಿಟ್ಟ ತಕ್ಷಣ ಆ ಬಟನ್ ಒತ್ತುವುದನ್ನು ಅಭ್ಯಾಸ ಮಾಡಿಕೊಳ್ಳಿ.