ಬಿಸಿಲೂರಿನ ಕೋಳಿ ಗೂಡು: ಎತ್ತರಿಸುವ ಮೊದಲು ಚಾವಣಿ ನೋಡಿ

ಬಳ್ಳಾರಿ ಬಿಸಿಲು, ಹಿತ್ತಿಲಲ್ಲಿ ನಾಲ್ಕಾರು ನಾಟಿ ಕೋಳಿ, ಗೂಡನ್ನು ನೆಲದಿಂದ ಎತ್ತರಿಸಿದರೆ ತಂಪಾಗುತ್ತದಾ ಅಂತ ಕೇಳಿದ್ದೀರಿ. ನಮ್ಮದು ರಾಯಚೂರು. ಇದೇ ಆಸೆಯಿಂದ ನಾನೂ ಎತ್ತರಿಸಿದ್ದೆ.

ಮೊದಲು ಗೂಡು ನೆಲದ ಮೇಲೇ ಇತ್ತು. ಮೂರು ಕಡೆ ಇಟ್ಟಿಗೆ ಗೋಡೆ, ನಾಲ್ಕಡಿ ಎತ್ತರದಲ್ಲಿ ತಗಡು. ಕೆಳಗಿಂದ ಗಾಳಿ ಆಡಲಿ ಅಂತ ಎರಡಡಿ ಮೇಲಕ್ಕೆ ಬಿದಿರು ದಬ್ಬೆಯ ಅಟ್ಟ ಹಾಕಿಸಿದೆ. ತಗಡನ್ನು ಮಾತ್ರ ಮುಟ್ಟಲಿಲ್ಲ. ಅದನ್ನು ಕಾಂಪೌಂಡ್ ಗೋಡೆಗೆ ಸೇರಿಸಿ ಕೂರಿಸಿದ್ದರು, ಬಿಚ್ಚಿದರೆ ಮತ್ತೆ ಖರ್ಚು. ಕೆಟ್ಟಿದ್ದು ಇಲ್ಲೇ. ನೆಲ ಮೇಲೆ ಬಂತು, ಚಾವಣಿ ಇದ್ದಲ್ಲೇ ಉಳಿಯಿತು. ಕೋಳಿಗಳನ್ನು ಎತ್ತಿ ಕಾದ ತಗಡಿನ ಹತ್ತಿರ ಕೂರಿಸಿದಂತಾಯಿತು. ಕೋಲಿನ ಮೇಲೆ ಕೂತ ಹುಂಜದ ಜುಟ್ಟಿಗೂ ತಗಡಿಗೂ ನಡುವೆ ಒಂದು ಗೇಣು ಜಾಗ ಅಷ್ಟೇ. ಬಿಸಿ ಗಾಳಿ ಮೇಲೇರಿ ಅಲ್ಲೇ ನಿಲ್ಲುತ್ತದೆ. ಮೂರು ಕಡೆ ಗೋಡೆ ತಗಡಿನವರೆಗೂ ಇದ್ದದ್ದರಿಂದ ಅದು ಹೊರಗೆ ಹೋಗಲು ಸರಿಯಾದ ದಾರಿಯೇ ಇರಲಿಲ್ಲ.

ಹೊರಗೆ ಅಡ್ಡಾಡುವ ಕೋಳಿಗಳು ಬೇವಿನ ಮರದ ಬುಡದಲ್ಲಿ ಮಣ್ಣು ಕೆದರಿಕೊಂಡು ಕೂತು ಹೇಗೋ ಉಳಿದವು. ಕಾವಿಗೆ ಕೂತ ಹೇಂಟೆ ಮಾತ್ರ ಎದ್ದು ಬರಲಿಲ್ಲ. ಮೊಟ್ಟೆ ಬಿಟ್ಟು ಅದು ಸುಲಭಕ್ಕೆ ಏಳುವುದಿಲ್ಲ, ಅಲ್ವಾ. ಮೇ ತಿಂಗಳ ಒಂದು ಮಧ್ಯಾಹ್ನ ಬಗ್ಗಿ ನೋಡಿದರೆ ಕೊಕ್ಕು ತೆರೆದಿತ್ತು, ರೆಕ್ಕೆ ಮೈಯಿಂದ ದೂರ ಚಾಚಿತ್ತು, ಗಂಟಲು ಪಟಪಟ ಬಡಿದುಕೊಳ್ಳುತ್ತಿತ್ತು. ನೆರಳಿಗೆ ತಂದು ನೀರಿಟ್ಟೆ. ಕುಡಿಯಲಿಲ್ಲ. ಸಂಜೆಯೊಳಗೆ ಸತ್ತಿತು. ಇವತ್ತಿಗೂ ನೆನೆದರೆ ಸಂಕಟವಾಗುತ್ತದೆ. ಕೋಳಿ ಬೆವರುವುದಿಲ್ಲ. ಅದರ ಮೈಬಿಸಿಯೇ 41 ಡಿಗ್ರಿ ಆಸುಪಾಸು. ಸುತ್ತಲಿನ ಗಾಳಿಯೂ ಅಷ್ಟೇ ಕಾದರೆ ತೇಕಿ ತೇಕಿಯೇ ಕಾವು ಇಳಿಸಿಕೊಳ್ಳಬೇಕು.

ಹಾಗಾಗಿ ಎತ್ತರಿಸಿದರೆ ತಂಪು ಅನ್ನುವುದನ್ನು ಮೊದಲು ತಲೆಯಿಂದ ತೆಗೆಯಿರಿ. ಎತ್ತರ ಬೇಕಾಗುವುದು ಹೆಗ್ಗಣ, ಮುಂಗುಸಿ ಕಾಟ ತಪ್ಪಿಸಲು, ಮಳೆಗಾಲದಲ್ಲಿ ನೆಲ ಒದ್ದೆಯಾಗದಿರಲು, ಹಿಕ್ಕೆ ಕೆಳಗೆ ಬೀಳಲು. ಇವು ನಿಮಗೆ ತೊಂದರೆ ಕೊಡುತ್ತಿದ್ದರೆ ಖಂಡಿತ ಎತ್ತರಿಸಿ. ಎರಡೂವರೆ ಅಡಿಯಾದರೂ ಇರಲಿ, ಪೊರಕೆ ಅಟ್ಟದ ಕೆಳಗೆ ಆಡಬೇಕು. ಅರ್ಧಡಿ, ಒಂದಡಿ ಎತ್ತರಿಸಬೇಡಿ. ಕೆಳಗಿನ ಕತ್ತಲಲ್ಲಿ ಹೆಗ್ಗಣ ಬಿಲ ತೋಡುತ್ತದೆ.

ಬರೀ ಬಿಸಿಲೇ ಚಿಂತೆಯಾದರೆ ಚಾವಣಿಗೆ ದುಡ್ಡು ಹಾಕಿ. ನಾನು ಆಮೇಲೆ ತಗಡನ್ನು ಆಳೆತ್ತರಕ್ಕೆ ಏರಿಸಿದೆ. ಅದರ ಮೇಲೆ ಜೋಳದ ಕಣಿಕೆ ದಪ್ಪಗೆ ಹಾಸಿದೆ. ಒಲೆ ಹತ್ತಿರವಿದ್ದರೆ ಕಣಿಕೆ ಬೇಡ, ಕಿಡಿ ಹಾರಿದರೆ ಹೊತ್ತಿಕೊಳ್ಳುತ್ತದೆ. ಅದರ ಬದಲು ತಗಡಿಗೆ ದಪ್ಪಗೆ ಸುಣ್ಣ ಬಳಿಯಿರಿ. ಉದ್ದದ ಎರಡೂ ಗೋಡೆ ಒಡೆಸಿ ಜಾಲರಿ ಹಾಕಿಸಿದೆ. ಗೂಡಿನ ಉದ್ದ ಪೂರ್ವ-ಪಶ್ಚಿಮಕ್ಕಿರಲಿ, ಆಗ ಸಂಜೆ ಬಿಸಿಲು ಗಿಡ್ಡ ಗೋಡೆಗೆ ಬೀಳುತ್ತದೆ. ಅಟ್ಟಕ್ಕೆ ಬರೀ ತಂತಿ ಜಾಲರಿ ಹಾಸಬೇಡಿ, ಕಾಲು ಗಾಯವಾಗುತ್ತದೆ. ದಬ್ಬೆಯೇ ಒಳ್ಳೆಯದು. ನೀರನ್ನು ಮಣ್ಣಿನ ಬಾನಿಯಲ್ಲಿ, ಹಿಕ್ಕೆ ಬೀಳದ ನೆರಳಲ್ಲಿಡಿ. ಪ್ಲಾಸ್ಟಿಕ್ ಡಬ್ಬಿಯಲ್ಲಿ ಕಾದ ನೀರನ್ನು ಅವು ಸರಿಯಾಗಿ ಕುಡಿಯುವುದಿಲ್ಲ.

ಏಪ್ರಿಲ್, ಮೇನಲ್ಲಿ ಹೇಂಟೆ ಕಾವಿಗೆ ಕೂತರೆ ಗೂಡಿನಲ್ಲಿ ಬಿಡಬೇಡಿ. ಬುಟ್ಟಿ ಸಮೇತ ಮನೆಯೊಳಗೆ ತಂದು, ಗಾಳಿಯಾಡುವ ಮೂಲೆಯಲ್ಲಿಡಿ.