ಇದು ಪಾಠಾನಾ, ಕೆಲಸಾನಾ?

ಪ್ರಶ್ನೆ: ನಮಗೆ ಇಬ್ಬರು ಮಕ್ಕಳು. ಮಗಳಿಗೆ 10 ವರ್ಷ, ಮಗನಿಗೆ 7. ಒಂದೂವರೆ ವರ್ಷದಿಂದ ಶಾಲೆಗೆ ಕಳಿಸದೆ ಮನೆಯಲ್ಲೇ ಕಲಿಸುತ್ತಿದ್ದೇವೆ. ಅಡುಗೆಯನ್ನೂ ಪಾಠದಲ್ಲಿ ಸೇರಿಸಿಕೊಂಡಿದ್ದೇನೆ. ಅಳತೆ, ತೂಕ, ಗಡಿಯಾರ ನೋಡುವುದು ಎಲ್ಲಾ ಅಲ್ಲೇ. ಮಗಳು ಈಗ ಚಪಾತಿ ಲಟ್ಟಿಸುತ್ತಾಳೆ, ಸಾರಿಗೆ ಒಗ್ಗರಣೆ ಹಾಕುತ್ತಾಳೆ. ಮಗ ಬಂದರೆ ಮಾತ್ರ ಅತ್ತೆ, "ಗಂಡು ಹುಡುಗನಿಗೆ ಒಲೆ ಮುಂದೆ ಏನು ಕೆಲಸ, ಹೋಗಿ ಆಡ್ಕೋ" ಎಂದು ಓಡಿಸುತ್ತಾರೆ. ಯಜಮಾನರು, "ಶಾಲೆ ಬಿಡಿಸಿ ಕೈಗೆ ಸೌಟು ಕೊಟ್ಟಿದ್ದೀಯ" ಎಂದು ನಗುತ್ತಾರೆ. ಹೋದ ವಾರ ಮಗಳು ಲಟ್ಟಣಿಗೆ ಕೆಳಗಿಟ್ಟು, "ಅಮ್ಮಾ, ಇದು ಪಾಠಾನಾ, ಕೆಲಸಾನಾ?" ಎಂದಳು. ನನಗೆ ಉತ್ತರ ಹೊಳೆಯಲಿಲ್ಲ. ನಾನು ತಪ್ಪು ಮಾಡುತ್ತಿದ್ದೇನೆಯೇ?
– ಹೆಸರು ಬೇಡ, ಮೈಸೂರು

ಉತ್ತರ: ಅತ್ತೆಗೂ ಯಜಮಾನರಿಗೂ ಏನು ಹೇಳುವುದು ಎಂದು ಆಮೇಲೆ ನೋಡೋಣ. ಮೊದಲು ಮಗಳಿಗೆ ಉತ್ತರ ಕೊಡಬೇಕು. ಇಷ್ಟು ನೇರವಾಗಿ ಕೇಳುವ ಮಗುವಿಗೆ ನೀವು ಚೆನ್ನಾಗಿಯೇ ಕಲಿಸುತ್ತಿದ್ದೀರಿ, ಅದರಲ್ಲಿ ಅನುಮಾನ ಬೇಡ.

ಎಷ್ಟು ದಿನದಿಂದ ಅವಳು ಚಪಾತಿ ಲಟ್ಟಿಸುತ್ತಿದ್ದಾಳೆ? ಮೊದಲ ಕೆಲವು ದಿನ ಅದು ಪಾಠವೇ. ಹಿಟ್ಟಿಗೆ ನೀರು ಎಷ್ಟು, ಕಲಸಿ ಯಾಕೆ ಸ್ವಲ್ಪ ಹೊತ್ತು ಬಿಡಬೇಕು, ದುಂಡಗೆ ಬರಲು ಕೈ ಹೇಗೆ ತಿರುಗಬೇಕು. ಕಲಿತಾದ ಮೇಲೂ ದಿನಾ ಸಂಜೆ ಲಟ್ಟಣಿಗೆ ಅವಳ ಕೈಗೇ ಬಂದರೆ ಅದು ಕೆಲಸ. ಕೆಲಸವೇನೂ ಕೆಟ್ಟದ್ದಲ್ಲ, ಉಣ್ಣುವವರೆಲ್ಲ ಮಾಡಬೇಕಾದ್ದೇ. ಆದರೆ ಅದಕ್ಕೆ ಪಾಠ ಎಂದು ಹೆಸರಿಟ್ಟು ಒಬ್ಬಳಿಗೇ ಕೊಟ್ಟರೆ, ತಮ್ಮ ಹೊರಗೆ ಆಡುತ್ತಿರುವುದು ಅವಳಿಗೆ ಕಾಣಿಸುವುದಿಲ್ವಾ?

ಹಾಗಾಗಿ ಇವೆರಡನ್ನೂ ಬೇರೆ ಮಾಡಿ. ಕೆಲಸಕ್ಕೆ ಸರದಿ ಇರಲಿ, ಅದರಲ್ಲಿ ಮಗನ ಹೆಸರೂ ಯಜಮಾನರ ಹೆಸರೂ ಇರಲಿ. ಪಾಠ ಎನ್ನುವುದು ಅವಳಿಗೆ ಇನ್ನೂ ಗೊತ್ತಿಲ್ಲದ ವಿಷಯಕ್ಕೆ ಮಾತ್ರ. ವಾರಕ್ಕೆ ಒಂದಾದರೂ ಸಾಕು.

ಅಂಥ ವಿಷಯಕ್ಕೆ ಅಡುಗೆಮನೆಯಲ್ಲಿ ಬರವಿಲ್ಲ. ನಿಮ್ಮ ಮನೆಯಲ್ಲಿ ದೋಸೆಗೆ ಮೂರು ಲೋಟ ಅಕ್ಕಿಗೆ ಒಂದು ಲೋಟ ಉದ್ದಿನಬೇಳೆ ಎಂದಿಟ್ಟುಕೊಳ್ಳಿ. ಒಂದು ದಿನ ಡಬ್ಬಿಯಲ್ಲಿ ಮುಕ್ಕಾಲು ಲೋಟ ಉದ್ದು ಮಾತ್ರ ಉಳಿದಿದೆ. ಅಕ್ಕಿ ಎಷ್ಟು ನೆನೆಸಬೇಕು? ಎರಡೂಕಾಲು ಎಂದು ಅವಳೇ ಲೆಕ್ಕ ಹಾಕಿ ಹೇಳಲಿ. ರುಬ್ಬಿದ ಹಿಟ್ಟನ್ನು ಒಂದೇ ಅಳತೆಯ ಮೂರು ಲೋಟಗಳಿಗೆ ಅರ್ಧರ್ಧ ಹಾಕಿಸಿ. ಒಂದು ಫ್ರಿಜ್ಜಿನಲ್ಲಿ, ಒಂದು ಕಟ್ಟೆಯ ಮೇಲೆ, ಇನ್ನೊಂದು ಬೆಚ್ಚಗಿನ ಜಾಗದಲ್ಲಿ. ಹಿಟ್ಟು ಎಲ್ಲಿವರೆಗೆ ಇದೆಯೋ ಅಲ್ಲಿಗೆ ರಬ್ಬರ್ ಬ್ಯಾಂಡ್. ಬೆಳಿಗ್ಗೆ ನೋಡಿದರೆ ಬ್ಯಾಕ್ಟೀರಿಯಾ ಎಲ್ಲಿ ಚುರುಕಾಗಿ ಹುಳಿ ಮಾಡಿ ಗಾಳಿ ತುಂಬಿಸಿವೆ ಎಂದು ಕಾಣುತ್ತದೆ. ಇದನ್ನೇ ಏಪ್ರಿಲ್‌ನಲ್ಲಿ ಒಮ್ಮೆ, ಡಿಸೆಂಬರ್‌ನಲ್ಲಿ ಒಮ್ಮೆ ಮಾಡಿಸಿ ಬರೆದಿಡಲು ಹೇಳಿ.

ಒಂದು ಮಾತು ಮಾತ್ರ. ಒಗ್ಗರಣೆ ಸಿಡಿಯುತ್ತಿರುವಾಗ "ಮುಕ್ಕಾಲು ಅಂದ್ರೆ ಎಷ್ಟು ಹೇಳು" ಎಂದು ಪರೀಕ್ಷೆ ಮಾಡಬೇಡಿ. ಎಣ್ಣೆ ಕಾದಿರುವಾಗ ಗಮನವೆಲ್ಲ ಬಾಣಲೆಯ ಮೇಲಿರಬೇಕು, ನಿಮ್ಮದೂ ಅವಳದ್ದೂ. ಕರಿಯುವುದು, ಕುಕ್ಕರ್ ಇಳಿಸಿ ತೆಗೆಯುವುದು ಸದ್ಯಕ್ಕೆ ನಿಮ್ಮ ಕೈಯಲ್ಲೇ ಇರಲಿ. ಚುರುಕ್ ಎಂದರೆ ನಲ್ಲಿ ನೀರಿನ ಕೆಳಗೆ 20 ನಿಮಿಷ ಕೈ ಹಿಡಿಸಿ. ಐಸ್ ಬೇಡ, ಟೂತ್‌ಪೇಸ್ಟ್ ಬೇಡ, ತುಪ್ಪ ಬೇಡ. (ನಮ್ಮ ಮನೆಯಲ್ಲಿ ಶಾಯಿ ಹಚ್ಚುತ್ತಿದ್ದರು! ಉರಿಯ ಜೊತೆಗೆ ಕೈಯೂ ನೀಲಿ.)

ಇನ್ನು ಅತ್ತೆ. ಅವರ ಜೊತೆ ಸಮಾನತೆ ಬಗ್ಗೆ ವಾದಕ್ಕೆ ಕೂರಬೇಡಿ, ಗೆಲ್ಲುವುದಿಲ್ಲ. ಮದುವೆಮನೆಯಲ್ಲಿ ಕೊಪ್ಪರಿಗೆ ಮುಂದೆ ನಿಂತ ಅಡುಗೆ ಭಟ್ಟರಿಗೆ ಯಾರೂ "ಹೋಗಿ ಆಡ್ಕೋ" ಅನ್ನುವುದಿಲ್ಲ, ಅದು ಅವರಿಗೂ ಗೊತ್ತು. ಅದಕ್ಕಿಂತ, ಮೊಮ್ಮಗನಿಗೆ ಕಲಿಸುವ ಕೆಲಸವನ್ನೇ ಅವರಿಗೆ ಒಪ್ಪಿಸಿ. "ಅತ್ತೆ, ಇವನಿಗೆ ಪಾವು ಸೇರಿನ ಲೆಕ್ಕ ನನಗೆ ಹೇಳಿಕೊಡಕ್ಕೆ ಬರಲ್ಲ, ನೀವೇ ಹೇಳಿ" ಎನ್ನಿ. ಎರಡು ಪಾವು ಅಂದರೆ ಅಚ್ಚೇರು, ನಾಲ್ಕು ಪಾವಿಗೆ ಒಂದು ಸೇರು. ಅರ್ಧ, ಕಾಲು ಕಲಿಯಲು ಏಳು ವರ್ಷದ ಹುಡುಗನಿಗೆ ಇದಕ್ಕಿಂತ ಒಳ್ಳೆಯ ಸಾಮಾನು ಸಿಗುವುದಿಲ್ಲ. ಒಂದು ಪಾವು ಅಕ್ಕಿ, ಅದೇ ಪಾವಿನಲ್ಲಿ ಅವಲಕ್ಕಿ ಅಳೆದು ತೂಕ ಮಾಡಿಸಿ. ತಕ್ಕಡಿಯಲ್ಲಿ ಅಕ್ಕಿ ಜಾಸ್ತಿ ತೂಗಿದಾಗ ಅವನ ಮುಖ ನೋಡಿ.

ಆರತಿ ನೀರು ಕೆಂಪಾಗುವುದು ಹೇಗೆ ಎಂದೂ ಅಜ್ಜಿಯೇ ತೋರಿಸಲಿ, ಸುಣ್ಣ ಮಾತ್ರ ಅವರೇ ಹಾಕಲಿ. ಅರಿಸಿನದ ನೀರಿಗೆ ಸುಣ್ಣ ಬಿದ್ದರೆ ಕೆಂಪು, ಅದಕ್ಕೇ ನಿಂಬೆಹಣ್ಣು ಹಿಂಡಿದರೆ ಮತ್ತೆ ಹಳದಿ. ಕ್ಷಾರ, ಆಮ್ಲ ಎಂಬ ಹೆಸರುಗಳನ್ನು ಅಕ್ಕ ಹೇಳಿಕೊಡುತ್ತಾಳೆ. ಇನ್ನು ಅವರೆಕಾಯಿ ಸುಲಿಯುವುದು, ಕೋಸಂಬರಿಗೆ ಹೆಸರುಬೇಳೆ ನೆನೆಸುವುದು, ಬಾಳೆ ಎಲೆ ಮೇಲೆ ಅಕ್ಕಿ ರೊಟ್ಟಿ ತಟ್ಟುವುದು. ಬೆಂಕಿ ಹತ್ತಿರ ಹೋಗದೆಯೇ ಅವನ ಪಾಲಿನ ಕೆಲಸ ಇಷ್ಟಿದೆ.

ಯಜಮಾನರ ನಗುವಿನಲ್ಲಿ ಅರ್ಧ ಸತ್ಯವೂ ಇದೆ, ಬೇಸರ ಮಾಡಿಕೊಳ್ಳಬೇಡಿ. ಅಡುಗೆಮನೆ ಎಲ್ಲವನ್ನೂ ಕಲಿಸುವುದಿಲ್ಲ. ಓದು, ಬರಹ, ಉದ್ದದ ಭಾಗಾಕಾರಕ್ಕೆ ದಿನಾ ಕೂತು ಮಾಡುವ ಹೊತ್ತು ಬೇರೆಯೇ ಬೇಕು. ಅವರ ನಿಜವಾದ ಭಯ ಸರ್ಟಿಫಿಕೇಟಿನದ್ದು ಅನಿಸುತ್ತದೆ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ, ಅಂದರೆ ಎನ್‌ಐಒಎಸ್‌ನಲ್ಲಿ ಎ, ಬಿ, ಸಿ ಎಂಬ ಮೂರು ಹಂತಗಳಿವೆ. ಅವು 3, 5, 8ನೇ ತರಗತಿಗೆ ಸಮ. ಹತ್ತನೆಯದಕ್ಕೆ ಸೇರಲು 14 ವರ್ಷ ತುಂಬಿರಬೇಕು. ನಿಮ್ಮ ಮಗಳಿಗೆ ಇನ್ನೂ ನಾಲ್ಕು ವರ್ಷ ಇದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಮನೆಪಾಠದ ಬಗ್ಗೆ ಸ್ಪಷ್ಟವಾಗಿ ಏನನ್ನೂ ಹೇಳುವುದಿಲ್ಲ. ಅದಕ್ಕೇ ಮಕ್ಕಳು ಏನೇನು ಕಲಿತರು ಎಂದು ದಿನಾಂಕ ಹಾಕಿ ಬರೆದಿಟ್ಟುಕೊಳ್ಳಿ. ದೋಸೆ ಹಿಟ್ಟಿನ ಆ ಪುಸ್ತಕವೂ ಅದರಲ್ಲಿ ಸೇರಲಿ.

ಮಗಳ ಹತ್ತಿರ ಇವತ್ತೇ ಕೂತು ಹೇಳಿ: "ಮೊದಲು ಪಾಠ ಆಗಿತ್ತು ಕಣೇ, ಆಮೇಲೆ ಕೆಲಸ ಆಯ್ತು. ನಾನು ಗಮನಿಸಲಿಲ್ಲ." ಇಷ್ಟೇ ಸಾಕು, ಜಾಸ್ತಿ ವಿವರಣೆ ಬೇಡ. ಅವಳಿಗೆ ಏನು ಮಾಡಲು ಆಸೆ ಎಂದು ಕೇಳಿ. ಕೇಕ್ ಅನ್ನಬಹುದು. ಮಾಡಲಿ ಬಿಡಿ, ಸುಟ್ಟುಹೋದರೂ ಪರವಾಗಿಲ್ಲ.

ಸಂಜೆಯ ಚಪಾತಿ ಯಜಮಾನರು ಲಟ್ಟಿಸಲಿ. ಹೇಗೆ ಎಂದು ಮಗಳು ಪಕ್ಕದಲ್ಲಿ ನಿಂತು ಹೇಳಿಕೊಡುತ್ತಾಳೆ.