ಅರ್ಧಕ್ಕೆ ನಿಂತ ಪ್ಯಾಕೇಜಿನ ಫೈಲ್‌ಗಳನ್ನು ಕೈಯಾರೆ ಅಳಿಸಬೇಡಿ

ಉಬುಂಟು ಲಿನಕ್ಸಿನಲ್ಲಿ ಒಂದು ಪ್ಯಾಕೇಜಿನ, ಅಂದರೆ ತಂತ್ರಾಂಶದ ಕಟ್ಟಿನ, ಇನ್‌ಸ್ಟಾಲೇಷನ್ ನಡುವೆಯೇ ನಿಂತಿದೆ, ಈಗ ಅದನ್ನು ಹಾಕಲೂ ಆಗುತ್ತಿಲ್ಲ, ತೆಗೆಯಲೂ ಆಗುತ್ತಿಲ್ಲ, ಅದರ ಫೈಲ್‌ಗಳನ್ನೆಲ್ಲ ಆರ್‌ಎಂ ಆದೇಶ ಕೊಟ್ಟು ಅಳಿಸಿಬಿಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಯಾವ ಪ್ಯಾಕೇಜ್ ಯಾವ ಹಂತದಲ್ಲಿದೆ ಎಂಬ ಲೆಕ್ಕವನ್ನು, ಪ್ಯಾಕೇಜ್‌ಗಳನ್ನು ಹಾಕುವ-ತೆಗೆಯುವ ಸಾಧನವಾದ ಡಿಪಿಕೆಜಿ ತನ್ನ ಸ್ಟೇಟಸ್ ಫೈಲಿನಲ್ಲಿ ಬರೆದಿಟ್ಟುಕೊಂಡಿರುತ್ತದೆ. ಫೈಲ್‌ಗಳು ಹೋದರೂ ಆ ಲೆಕ್ಕ ಅಳಿಯುವುದಿಲ್ಲ. ಮುಂದೆ ಬೇರೇನನ್ನು ಹಾಕಲು ಹೋದರೂ ಅದೇ ದೋಷ ಅಡ್ಡ ಬರುತ್ತದೆ.

ಮೊದಲು ಟರ್ಮಿನಲ್‌ನಲ್ಲಿ ಡಿಎಫ್ ಆದೇಶ ಕೊಟ್ಟು ಡಿಸ್ಕಿನಲ್ಲಿ ಜಾಗವಿದೆಯೇ ನೋಡಿ. ಬೂಟ್ ವಿಭಾಗ ತುಂಬಿಹೋಗಿ ಕರ್ನಲ್ (ವ್ಯವಸ್ಥೆಯ ತಿರುಳು) ಅಪ್‌ಡೇಟ್ ಕೆಟ್ಟು ನಿಲ್ಲುವುದು ತೀರಾ ಸಾಮಾನ್ಯ. ಲಾಕ್ ಇದೆ, ಅಂದರೆ ಬೇರೊಂದು ಕೆಲಸ ಪ್ಯಾಕೇಜ್ ವ್ಯವಸ್ಥೆಯನ್ನು ಹಿಡಿದುಕೊಂಡಿದೆ ಎಂಬ ಸಂದೇಶ ಬಂದರೆ ಲಾಕ್ ಫೈಲನ್ನು ಅಳಿಸಬೇಡಿ. ಹಿನ್ನೆಲೆಯಲ್ಲಿ ತಾನಾಗಿಯೇ ಅಪ್‌ಡೇಟ್ ನಡೆಯುತ್ತಿರಬಹುದು, ಅದು ಮುಗಿಯಲಿ.

ಆಮೇಲೆ 'ಡಿಪಿಕೆಜಿ --ಆಡಿಟ್'. ಅರೆಬರೆ ಉಳಿದವುಗಳ ಪಟ್ಟಿ ಸಿಗುತ್ತದೆ. 'ಸುಡೊ ಡಿಪಿಕೆಜಿ --ಕಾನ್ಫಿಗರ್ -ಎ' ಬಾಕಿ ಉಳಿದ ಕೆಲಸವನ್ನು ಮುಂದುವರಿಸುತ್ತದೆ. 'ಸುಡೊ ಆಪ್ಟ್ --ಫಿಕ್ಸ್-ಬ್ರೋಕನ್ ಇನ್‌ಸ್ಟಾಲ್' ಕಡಿದುಹೋದ ಅವಲಂಬನೆಗಳನ್ನು, ಅಂದರೆ ಒಂದು ಪ್ಯಾಕೇಜಿಗೆ ಬೇಕಾದ ಇತರ ಪ್ಯಾಕೇಜ್‌ಗಳನ್ನು, ಜೋಡಿಸುತ್ತದೆ. ಬಹುಪಾಲು ತೊಂದರೆ ಇಲ್ಲಿಗೇ ಮುಗಿಯುತ್ತದೆ.

ಮುಗಿಯದಿದ್ದರೆ, ಪ್ಯಾಕೇಜಿನ ಜೊತೆ ಬರುವ, ಫೈಲ್‌ಗಳನ್ನು ಹಾಕಿದ ಮೇಲೆ ಓಡುವ ಪೋಸ್ಟ್‌ಇನ್‌ಸ್ಟ್ ಸ್ಕ್ರಿಪ್ಟ್ ಸೋತಿರುವ ಸಾಧ್ಯತೆಯೇ ಹೆಚ್ಚು. ಇದನ್ನು ಕಂಡು ಹೆದರುವವರು ಬಹಳ. ಆದರೆ ಅದು ಸಾಮಾನ್ಯವಾಗಿ ಸಾದಾ ಶೆಲ್ ಸ್ಕ್ರಿಪ್ಟ್, ಅಂದರೆ ಆದೇಶಗಳ ಪಟ್ಟಿ. /ವಾರ್/ಲಿಬ್/ಡಿಪಿಕೆಜಿ/ಇನ್‌ಫೋ ಒಳಗೆ ಇರುತ್ತದೆ, ಯಾರು ಬೇಕಾದರೂ ತೆರೆದು ಓದಬಹುದು. ಉದಾಹರಣೆಗೆ, ವೆಬ್ ಸರ್ವರ್ ಹಾಕುತ್ತಿದ್ದೀರಿ, ವೆಬ್ ಸಂಪರ್ಕದ 80ನೇ ಪೋರ್ಟನ್ನು ಮತ್ತೊಂದು ಸರ್ವರ್ ಆಗಲೇ ಹಿಡಿದಿದೆ ಎನ್ನಿ. ಹೊಸ ಸರ್ವಿಸ್ ಏಳುವುದಿಲ್ಲ, ಸ್ಕ್ರಿಪ್ಟ್ 1 ಎಂಬ ಸಂಕೇತದೊಂದಿಗೆ ಹೊರಬೀಳಬಹುದು, ಆಗ ಪ್ಯಾಕೇಜ್ ಅರ್ಧ ಕಾನ್ಫಿಗರ್ ಆಗಿ ಉಳಿಯುತ್ತದೆ. ಹಳೆಯ ಸರ್ವರ್ ನಿಲ್ಲಿಸಿ ಕಾನ್ಫಿಗರ್ ಆದೇಶವನ್ನು ಮತ್ತೆ ಕೊಟ್ಟರೆ ಸಾಕು. ಆದ್ದರಿಂದ ಕೊನೆಯ ಸಾಲಿನ ದೋಷ ಸಂದೇಶಕ್ಕಿಂತ ಅದರ ಮೇಲಿನ ಸಾಲುಗಳನ್ನು ಓದಿ ಎಂದು ಒತ್ತಿ ಹೇಳುತ್ತೇನೆ. ಕಾರಣ ಇರುವುದು ಅಲ್ಲಿ.

ಪ್ಯಾಕೇಜ್ ಬೇಡವೇ ಬೇಡ ಎಂದಾದರೆ 'ಆಪ್ಟ್ ಪರ್ಜ್' ಕೊಡಿ. ರಿಮೂವ್ ಕೊಟ್ಟರೆ ಸಂರಚನೆಯ ಫೈಲ್‌ಗಳು ಉಳಿದುಬಿಡುತ್ತವೆ. ಮರು ಇನ್‌ಸ್ಟಾಲ್ ಮಾಡಲೇಬೇಕೆಂದು ಡಿಪಿಕೆಜಿ ಹಟ ಹಿಡಿದು, ಮೂಲ ಪ್ಯಾಕೇಜ್ ಎಲ್ಲೂ ಸಿಗದಿದ್ದರೆ ಮಾತ್ರ 'ಡಿಪಿಕೆಜಿ --ರಿಮೂವ್ --ಫೋರ್ಸ್-ರಿಮೂವ್-ರೀಇನ್‌ಸ್ಟ್‌ರೆಕ್' ಬಳಸಿ.

ಅದೂ ಸೋತರೆ /ವಾರ್/ಲಾಗ್/ಆಪ್ಟ್ ಒಳಗಿನ ಟರ್ಮ್.ಲಾಗ್ ಫೈಲಿನ ಕೊನೆಯ ಸಾಲುಗಳನ್ನು ಪ್ರಶ್ನೆಗೆ ಸೇರಿಸಿ, ನೋಡಿ ಹೇಳುತ್ತೇನೆ.